ಕಳಲೆಯಿಂದ ಕಂಡ ಸಣ್ಣ ರಾಜ್ಯ

ಶತ್ರುವಿನ ಫಿರಂಗಿ ಯಾವ ಗುಡ್ಡದ ಮರೆಯಲ್ಲಿದೆಯೆಂಬುದನ್ನು ಅದು ಹಾರಿಸಿದ ಗುಂಡಿನ ಪಥದಿಂದಲೇ ಲೆಕ್ಕಹಾಕಿ ಹೇಳುವ ‘ಸ್ವಾತಿ’ ಎಂಬ ರೇಡಾರು ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ರೂಪುಗೊಂಡು ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದುದು. ಅಂಥ ನಾಲ್ಕು ಯಂತ್ರಗಳನ್ನು ಸುಮಾರು 4 ಕೋಟಿ ಡಾಲರ್ ಬೆಲೆಗೆ ಆರ್ಮೇನಿಯಾ ದೇಶವು ಕೊಳ್ಳಲಿದೆಯೆಂಬ ವಾರ್ತೆ 2020ರಲ್ಲಿ ಬಂದಾಗ, ಆ ದೇಶವನ್ನು ಭೂಪಟದಲ್ಲಿ ಹುಡುಕಲು ನನಗೆ ಕನ್ನಡಕದ ಸಹಾಯ ಬೇಕಾಯಿತು. ನಮ್ಮ ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳನ್ನು ಒಟ್ಟುಗೂಡಿಸಿದರೆ ಎಷ್ಟಾಗುವುದೋ ಹೆಚ್ಚುಕಡಿಮೆ ಅಷ್ಟೇ ವಿಸ್ತೀರ್ಣ; 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯೊಂದರಲ್ಲಿ ಎಷ್ಟು ಮಂದಿಯಿದ್ದರೋ ಸುಮಾರು ಅಷ್ಟೇ, ಎಂದರೆ 30 ಲಕ್ಷದಷ್ಟು, ಜನಸಂಖ್ಯೆ; ಸಮುದ್ರವಿಲ್ಲ; ನಾಲ್ಕು ನೆರೆಹೊರೆಗಳಲ್ಲಿ ಪೂರ್ವಪಶ್ಚಿಮದ ಎರಡರ ಬಾಗಿಲು ಮುಚ್ಚಿ ಮೂವತ್ತು ವರ್ಷಗಳ ಮೇಲಾಯಿತು. ಇಂಥ ದೇಶವೊಂದು ಹೇಗೆ ಉಣ್ಣುತ್ತದೆ, ಯಾವ ದಾರಿಯಲ್ಲಿ ನಡೆಯುತ್ತದೆ, ಯಾರ ಬಲದಿಂದ ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳು ಓದುಗರಿಗೆ ಬಂದರೆ ಸಹಜ. ಅವುಗಳ ಉತ್ತರಕ್ಕಾಗಿ ಅದರ ರಾಜಧಾನಿ ಯೆರೆವಾನಿನವರೆಗೆ ಹೋಗಬೇಕಾದುದಿಲ್ಲ. ನಂಜನಗೂಡಿನಿಂದ ಕೆಲವೇ ಮೈಲಿ ನಡೆದು ಕಳಲೆಯೆಂಬ ಗ್ರಾಮವನ್ನು ಸೇರಿದರೆ ಸಾಕೆಂದು ನಾನು ಹೇಳಿದರೆ, ಅದು ಸ್ಥಳಾಭಿಮಾನದ ಅತಿಶಯೋಕ್ತಿಯೆಂದು ತಳ್ಳಿಹಾಕದೆ ಸ್ವಲ್ಪ ಕಿವಿಗೊಡಬೇಕೆಂದು ಪ್ರಾರ್ಥನೆ.

ಕಳಲೆ ಎಂದರೆ ಎಳೆಬಿದಿರಿನ ಮೊಳಕೆ. ಮಲೆನಾಡಿನ ಹೆಂಗಸರು ಅದನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿವಸ ನೆನೆಸಿ, ಅದರ ಕಹಿಯೆಲ್ಲ ಇಳಿದಲ್ಲದೆ ಒಲೆಗೇರಿಸುವುದಿಲ್ಲ. ಊರಿನ ಹೆಸರಿಗೂ ಈ ಮೊಳಕೆಗೂ ಸಂಬಂಧವುಂಟೋ ಇಲ್ಲವೋ ಎಂಬ ವಿಚಾರವನ್ನು ಶಬ್ದಶಾಸ್ತ್ರಜ್ಞರಿಗೆ ಬಿಡುತ್ತೇನೆ. ಆದರೆ ಮುರಿದ ಹಿಂಡಿಲಿನ ಬುಡದಿಂದ ಹೊಸ ಮೊಳಕೆಗಳೇಳುವಂತೆ, ಮಹಾಸಾಮ್ರಾಜ್ಯವೊಂದು ಕುಸಿದಾಗ ಅದರ ಬುಡದಿಂದ ಸಣ್ಣ ರಾಜ್ಯಗಳೇಳುತ್ತವೆಂಬುದಕ್ಕೆ ಮಾತ್ರ ಈ ಹೆಸರು ಒಪ್ಪುತ್ತದೆ. 1565ರಲ್ಲಿ ರಕ್ಕಸತಂಗಡಗಿಯ ರಣದಲ್ಲಿ ವಿಜಯನಗರದ ಬೆನ್ನು ಮುರಿದ ಮೇಲೆ, ಪೆನುಗೊಂಡೆಗೂ ಚಂದ್ರಗಿರಿಗೂ ಸರಿದ ಅರಸರ ಹೆಸರು ಶಾಸನಗಳಲ್ಲಿ ಉಳಿಯಿತೇ ಹೊರತು ಅವರ ಕೈ ಕಾವೇರೀತೀರದವರೆಗೆ ನೀಳಲಾರದೆ ಹೋಯಿತು. ಮೂವತ್ತಮೂರು ಗ್ರಾಮ, ಮುನ್ನೂರು ಆಳು ಎಂದು ಐತಿಹ್ಯವು ಎಣಿಸುವ ಮೈಸೂರಿನ ಪಾಳೆಯಪಟ್ಟು ಹೀಗೆ ತನ್ನ ಪಾಡನ್ನು ತಾನೇ ನೋಡಿಕೊಳ್ಳಬೇಕಾಗಿ ಬಂದು, 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಮಾಸ್ಕೋದಿಂದ ಬರುತ್ತಿದ್ದ ಆಜ್ಞೆಯೂ ಹಣವೂ ನಿಂತುಹೋದ 1991ರ ಯೆರೆವಾನಿಗೂ ಚಂದ್ರಗಿರಿಯಿಂದ ಬರುತ್ತಿದ್ದ ನಿರೂಪ ನಿಂತುಹೋದ 1610ರ ಶ್ರೀರಂಗಪಟ್ಟಣಕ್ಕೂ ಕಾಲದೇಶಗಳ ಅಂತರ ಎಷ್ಟೇ ಇರಲಿ, ಮರುದಿನ ಬೆಳಗ್ಗೆ ಎದ್ದ ಆಳುವವನ ಚಿಂತೆ ಒಂದೇ: ಕಾವಲುಗಾರನ ಸಂಬಳಕ್ಕೆ ಎಲ್ಲಿಂದ ತರುವುದು?

ನೆರೆಯ ಕಳಲೆಯ ಅರಸುಮನೆತನವೂ ಮೈಸೂರಿನವರ ಹಾಗೆಯೇ ಸಣ್ಣದು. ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧ. 1614ರ ಸುಮಾರಿಗೆ ಇಬ್ಬರಿಗೂ ಆದ ಒಡಂಬಡಿಕೆಯ ಪ್ರಕಾರ ಸಿಂಹಾಸನ ಮೈಸೂರಿಗೆ, ಸೇನಾಧಿಪತ್ಯವಾದ ದಳವಾಯಿಯ ಪದವಿ ಕಳಲೆಗೆ ಎಂದು ನಿಶ್ಚಯವಾಯಿತು. ಮನೆಯ ಯಜಮಾನನೊಬ್ಬ, ಬಾಗಿಲ ಬೀಗದ ಕೈ ಇನ್ನೊಬ್ಬನದು ಎಂಬ ಈ ಏರ್ಪಾಡು ಯಜಮಾನನು ಸಮರ್ಥನಾಗಿದ್ದಷ್ಟು ಕಾಲ ನಡೆಯಿತು; ನಡೆಯದ ಕಾಲ ಬಂದಾಗ ಏನಾಯಿತೆಂಬುದನ್ನು ಮುಂದೆ ನೋಡೋಣ.

ಸಮರ್ಥರ ಕಾಲವೇನೂ ಕಡಮೆಯದಲ್ಲ. 1638ರಲ್ಲಿ ಪಟ್ಟಕ್ಕೆ ಬಂದ ಕಂಠೀರವ ನರಸರಾಜ ಒಡೆಯರು, ಮುತ್ತಿಗೆಗೆ ಬಂದ ಬಿಜಾಪುರದ ರಣದುಲ್ಲಾಖಾನನನ್ನು ಹಿಮ್ಮೆಟ್ಟಿಸಿದುದಲ್ಲದೆ ತಮ್ಮ ಹೆಸರಿನ ಚಿನ್ನದ ಹಣವನ್ನು ಟಂಕಿಸಿದರು. ಕಂಠೀರಾಯ ಹಣ ಹತ್ತಾದರೆ ಒಂದು ವರಹ ಎಂಬ ಲೆಕ್ಕ ಆ ಸೀಮೆಯ ವ್ಯವಹಾರದಲ್ಲಿ ಅವರ ತರುವಾಯವೂ ಬಹುಕಾಲ ಉಳಿಯಿತು. ಸ್ವಂತ ನಾಣ್ಯವೆಂಬುದು ಸಣ್ಣ ರಾಜ್ಯಕ್ಕೆ ಕೇವಲ ಮೆರವಣಿಗೆಯ ವಸ್ತುವಲ್ಲ. ಸಂಬಳವನ್ನೂ ಕಂದಾಯವನ್ನೂ ತನ್ನದೇ ಅಳತೆಯಲ್ಲಿ ಎಣಿಸುವ ಅಧಿಕಾರವದು. ಆರ್ಮೇನಿಯಾ ಕೂಡ ರೂಬಲ್ಲಿನ ನೆರಳಿನಿಂದ ಹೊರಬಂದು 1993ರ ನವೆಂಬರಿನಲ್ಲಿ ‘ದ್ರಾಮ್’ ಎಂಬ ತನ್ನ ನಾಣ್ಯವನ್ನು ಚಲಾವಣೆಗೆ ತಂದಿತು. ಇನ್ನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರೆಂದರೆ ಲೆಕ್ಕದ ಪುಸ್ತಕವೇ ಕಿರೀಟ ಧರಿಸಿದಂತೆ. ಅಠಾರ ಕಚೇರಿಯೆಂಬ ಹದಿನೆಂಟು ಇಲಾಖೆಗಳು, ಸುದ್ದಿಯನ್ನೂ ಗುಟ್ಟನ್ನೂ ಒಟ್ಟಿಗೆ ಹೊರುತ್ತಿದ್ದ ಅಂಚೆ, ಕಾವೇರಿಗೆ ಅಣೆಕಟ್ಟಿ ತೆಗೆದ ನಾಲೆ, 1687ರಲ್ಲಿ ಮೊಗಲರ ಸೇನಾನಿ ಕಾಸಿಂಖಾನನಿಗೆ 3 ಲಕ್ಷ ರೂಪಾಯಿ ಎಣಿಸಿಕೊಟ್ಟು ಕೊಂಡ ಬೆಂಗಳೂರು, ಇವೆಲ್ಲ ಅವರ ಕಾಲದ್ದು. ದಿನವೂ ಎರಡು ಚೀಲ ವರಹ ಬೊಕ್ಕಸಕ್ಕೆ ಬಿದ್ದಲ್ಲದೆ ಅವರು ಊಟಕ್ಕೇಳುತ್ತಿರಲಿಲ್ಲವೆಂದು ಮೈಸೂರಿನ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ನವಕೋಟಿ ನಾರಾಯಣನೆಂಬ ಬಿರುದು ಸುಮ್ಮನೆ ಬಂದುದಲ್ಲ.

ಆ ಚೀಲಗಳನ್ನು ತುಂಬಿದವರು ಯಾರೆಂಬುದನ್ನು ಮಾತ್ರ ಮರೆಯಲಾಗದು. ಹೆಚ್ಚಿದ ಕಂದಾಯವನ್ನು ತಾಳಲಾರದೆ ರೈತರು ನೇಗಿಲನ್ನು ತಲೆಕೆಳಗು ಮಾಡಿ ಊರಬಾಗಿಲ ಮರಕ್ಕೆ ತೂಗುಹಾಕಿ ಉಳುಮೆಯನ್ನೇ ನಿಲ್ಲಿಸಿದರೆಂದೂ, ಅದನ್ನಡಗಿಸಲು ನಂಜನಗೂಡಿನ ಹತ್ತಿರ ಜಂಗಮರ ಘೋರಹತ್ಯೆ ನಡೆಯಿತೆಂದೂ ಅದೇ ವಿಲ್ಕ್ಸನು ಕೇಳಿ ಬರೆದಿಟ್ಟಿದ್ದಾನೆ. ಹತ್ಯೆಯ ವೃತ್ತಾಂತವನ್ನು ಸಂಶಯಿಸುವ ವಿದ್ವಾಂಸರುಂಟು. ತೂಗುಬಿದ್ದ ನೇಗಿಲನ್ನು ಸಂಶಯಿಸಲು ನನಗೆ ಕಾರಣ ಕಾಣದು. ರಾಜ್ಯದ ರಕ್ಷಣೆಯ ವೆಚ್ಚ ಎಷ್ಟೆಂಬುದನ್ನು ಮೊದಲು ಬಲ್ಲವನು ಎಂದಿಗೂ ಉಳುವವನೇ.

ಚಿಕ್ಕದೇವರಾಜರ ತರುವಾಯ ಸಿಂಹಾಸನದಲ್ಲಿ ಕುಳಿತವರು ಕ್ರಮೇಣ ಕುಗ್ಗಿದರು; ಬೀಗದ ಕೈ ಹಿಡಿದವರು ಬೆಳೆದರು. 1730ರ ದಶಕದ ಹೊತ್ತಿಗೆ ದಳವಾಯಿ ದೇವರಾಜಯ್ಯನೂ ಸರ್ವಾಧಿಕಾರಿಯಾದ ನಂಜರಾಜಯ್ಯನೂ ರಾಜ್ಯವನ್ನು ತಮ್ಮ ಕಳಲೆಯ ಮನೆಯ ಜಗುಲಿಯಂತೆ ನಡೆಸುತ್ತಿದ್ದರು. ಅವರ ಮಾತಿಗೆ ಎದುರಾದ ಚಾಮರಾಜ ಒಡೆಯರು 1734ರಲ್ಲಿ ಪದಚ್ಯುತರಾಗಿ ಕಬ್ಬಾಳದುರ್ಗದ ಸೆರೆಯಲ್ಲಿ ಕಾಲವಾದರು. ಬಾಲಕರಾದ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ್ದಾಯಿತು. ಇದನ್ನು ಸಮರ್ಥಿಸುವವನು ನಾನಲ್ಲ. ಆದರೂ ಮರುವರ್ಷವೇ, 1735ರಲ್ಲಿ, ಅದೇ ದೇವರಾಜಯ್ಯನು ನಂಜನಗೂಡಿನ ಬಳಿ ಕಪಿಲೆಗೆ ಕಲ್ಲಿನ ಸೇತುವೆಯೊಂದನ್ನು ಕಟ್ಟಿಸಿದನೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಶ್ರೀಕಂಠೇಶ್ವರನ ಯಾತ್ರಿಕರಿಗೂ, ಭತ್ತ ಬೆಲ್ಲ ಹೊತ್ತ ಎತ್ತಿನ ಹೇರುಗಳಿಗೂ, ಗಜ್ಜಲಹಟ್ಟಿ ಸತ್ಯಮಂಗಲಗಳ ಕಡೆಯ ಘಟ್ಟಕ್ಕೆ ಹೊರಟ ದಂಡಿಗೂ ಅದೊಂದೇ ಹಾದಿ. ಮಳೆಗಾಲದಲ್ಲಿ ಕಪಿಲೆ ತುಂಬಿದಾಗ ಅರ್ಧ ರಾಜ್ಯವನ್ನು ಇನ್ನರ್ಧದೊಡನೆ ಕೂಡಿಸಿಟ್ಟುದು ಆ ಕಮಾನುಗಳ ಸಾಲು. ಮುಂದೆ ಇಂಗ್ಲಿಷರ ಕಾಲದ ರೈಲು ಬಂದಾಗ ಅದೇ ಸೇತುವೆಯ ಒಂದು ಪಾರ್ಶ್ವದಲ್ಲಿ ಹಳಿ ಹಾಸಿ, ಇನ್ನೊಂದು ಪಾರ್ಶ್ವದಲ್ಲಿ ಗಾಡಿಗಳನ್ನು ಬಿಟ್ಟರು. ನೂರು ವರ್ಷದ ಮೇಲೆಯೂ ಅದು ಎರಡನ್ನೂ ಹೊತ್ತಿತು.

ದೇವರಾಜಯ್ಯನ ತಮ್ಮನಾದ ಕರಾಚೂರಿ ನಂಜರಾಜಯ್ಯನ ಸ್ವಭಾವ ಬೇರೆ. ಶಿವಭಕ್ತ, ಕವಿ, ಕನ್ನಡದಲ್ಲಿ ಕಕುದ್ಗಿರಿ ಮಾಹಾತ್ಮ್ಯವನ್ನೂ ಸಂಸ್ಕೃತದಲ್ಲಿ ಸಂಗೀತಗಂಗಾಧರವನ್ನೂ ಬರೆದವನು, ನರಸಿಂಹಕವಿಯು ಅವನ ಹೆಸರಿನಲ್ಲೇ ‘ನಂಜರಾಜಯಶೋಭೂಷಣ’ವೆಂಬ ಅಲಂಕಾರಗ್ರಂಥವನ್ನು ರಚಿಸಿದ್ದಾನೆ. ಅಲಂಕಾರಶಾಸ್ತ್ರದ ಉದಾಹರಣೆಗಳಲ್ಲಿ ತನ್ನ ಶೌರ್ಯವನ್ನು ನಿತ್ಯ ಕೇಳುವವನಿಗೆ ದೂರದ ಕೋಟೆಗಳು ಹತ್ತಿರವಾಗಿ ಕಾಣುವುದು ಆಶ್ಚರ್ಯವಲ್ಲ. 1751ರಲ್ಲಿ ಪ್ರತಿಸ್ಪರ್ಧಿ ಚಂದಾಸಾಹೇಬನ ಮುತ್ತಿಗೆಯಿಂದ ಕಂಗೆಟ್ಟ ಆರ್ಕಾಟಿನ ನವಾಬ ಮಹಮ್ಮದಾಲಿಯು, ನೆರವು ಕೊಟ್ಟರೆ ತಿರುಚಿನಾಪಳ್ಳಿಯನ್ನೂ ಅದಕ್ಕೆ ಸೇರಿದ ಸೀಮೆಯನ್ನೂ ಕೊಡುವೆನೆಂದು ಹೇಳಿಕಳುಹಿಸಿದಾಗ, ಅಣ್ಣನು ಬೇಡವೆಂದರೂ ಕೇಳದೆ ತಮ್ಮನು ಸುಮಾರು ಐದು ಸಾವಿರ ಕುದುರೆ, ಹತ್ತು ಸಾವಿರ ಕಾಲಾಳುಗಳೊಡನೆ ಘಟ್ಟವಿಳಿದನು. ಇದಲ್ಲದೆ ಮರಾಠ ಸರದಾರ ಮೊರಾರಿರಾಯನ ಬಾಡಿಗೆಯ ದಂಡು ಬೇರೆ. 1752ರಲ್ಲಿ ಚಂದಾಸಾಹೇಬನ ತಲೆ ಉರುಳಿತು, ಕೆಲಸ ಮುಗಿಯಿತು, ಕೋಟೆ ಮಾತ್ರ ಬರಲಿಲ್ಲ. ಮಹಮ್ಮದಾಲಿಯು ಇಂದು ನಾಳೆಯೆಂದನು, ಇಂಗ್ಲಿಷರು ಒಳಗೆ ಕುಳಿತರು. ಬರಬೇಕಾದ ಸಾಲಕ್ಕೆ ಬಾಗಿಲಲ್ಲಿ ಕೂತ ಸಾಹುಕಾರನಂತೆ ನಂಜರಾಜಯ್ಯನು ಕೋಟೆಯ ಪಕ್ಕದ ಶ್ರೀರಂಗದ ಸುತ್ತ ಮೂರು ವರ್ಷ ಕೂತನು; ಸಾಲದೆಂದು ಇಂಗ್ಲಿಷರನ್ನು ಬಿಟ್ಟು ಫ್ರೆಂಚರ ಕೈಹಿಡಿದನು. 1755ರಲ್ಲಿ ಹಿಂದಿರುಗುವಾಗ ಅವನೊಡನೆ ಬಂದುದು ಸಂಬಳ ಬಾಕಿಯುಳಿದ ಸೈನ್ಯ ಮಾತ್ರ.

ಅವನು ಅಲ್ಲಿರುವಾಗಲೇ ಇಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ಹೈದರಾಬಾದಿನ ಸಲಾಬತ್ ಜಂಗನು ಫ್ರೆಂಚ್ ಸೇನಾನಿ ಬುಸ್ಸಿಯನ್ನು ಜೊತೆಗಿಟ್ಟುಕೊಂಡು ಶ್ರೀರಂಗಪಟ್ಟಣದ ಮುಂದೆ ನಿಂತು, ಕಪ್ಪದ ಬಾಕಿ 56 ಲಕ್ಷವನ್ನು ಕೇಳಿದನು. ದೇವಾಲಯಗಳ ಪಾತ್ರೆಪಡಗ, ಅರಮನೆಯ ಒಡವೆ ಎಲ್ಲವನ್ನೂ ತೂಗಿದರೂ ಮೂರನೆಯ ಒಂದು ಪಾಲಷ್ಟೇ ಕೂಡಿತು. ಉಳಿದುದಕ್ಕೆ ದೇವರಾಜಯ್ಯನು ಪಟ್ಟಣದ ದೊಡ್ಡ ಸಾಹುಕಾರರನ್ನೇ ಒತ್ತೆಯಾಗಿ ಕಳುಹಿಸಿದನೆಂದೂ, ಅವರನ್ನು ಬಿಡಿಸಿಕೊಳ್ಳಲು ಹಣ ಬಾರದೆ ಅನೇಕರು ಸೆರೆಯಲ್ಲೇ ಸತ್ತರೆಂದೂ ವಿಲ್ಕ್ಸ್ ಹೇಳುತ್ತಾನೆ. ಕೋಟೆ ಬಿದ್ದರೆ ಮತ್ತೆ ಕಟ್ಟಿಸಬಹುದು. ಸಾಲ ಕೊಡುವವನನ್ನೇ ಒತ್ತೆಯಿಟ್ಟ ಸರಕಾರಕ್ಕೆ ಮರುದಿನ ಸಾಲ ಕೊಡುವವರಾರು? 1757ರಲ್ಲಿ ಪೇಶ್ವೆ ಬಾಲಾಜಿರಾಯನ ದಂಡು ಬಂದು 32 ಲಕ್ಷಕ್ಕೆ ರಾಜಿಯಾದಾಗ, ಕೈಯಲ್ಲಿದ್ದುದು ಕೆಲವು ಲಕ್ಷ ಮಾತ್ರ. ಉಳಿದುದಕ್ಕೆ ತಾಲ್ಲೂಕುಗಳನ್ನೇ ಅಡವಿಟ್ಟರು. ತಾಲ್ಲೂಕು ಹೋದರೆ ಅದರ ಕಂದಾಯ ಹೋಯಿತು, ಕಂದಾಯ ಹೋದರೆ ಸಂಬಳ ಹೋಯಿತು. 1758ರಲ್ಲಿ ಸಿಪಾಯಿಗಳು ನಂಜರಾಜಯ್ಯನ ಮನೆಯ ಬಾಗಿಲಲ್ಲಿ ಧರಣಿ ಕೂತು ಅನ್ನ ನೀರು ಒಳಗೆ ಹೋಗದಂತೆ ತಡೆದರು.

ಆರ್ಮೇನಿಯಾದ ಕಥೆಯನ್ನು ಇಲ್ಲಿ ತರುವುದಕ್ಕೆ ಕಾರಣ ಈ ಅಡವು. ಸೋವಿಯತ್ ಕಾಲದಲ್ಲಿ ಆ ದೇಶದ ಕಾರ್ಖಾನೆಗಳು ಒಕ್ಕೂಟಕ್ಕೆಲ್ಲ ವಿದ್ಯುದ್ಯಂತ್ರಗಳನ್ನೂ ರಾಸಾಯನಿಕಗಳನ್ನೂ ಮಾಡಿಕೊಡುತ್ತಿದ್ದವು. ಕಚ್ಚಾವಸ್ತುವೂ ಹೊರಗಿನಿಂದಲೇ, ಗಿರಾಕಿಯೂ ಹೊರಗಿನವನೇ. 1988ರ ಡಿಸೆಂಬರಿನ ಭೂಕಂಪವು ಸುಮಾರು 25 ಸಾವಿರ ಜನರನ್ನು ಬಲಿತೆಗೆದುಕೊಂಡ ಮೇಲೆ, ಮೆತ್ಸಮೊರಿನ ಅಣುವಿದ್ಯುತ್ ಸ್ಥಾವರವನ್ನು ಭೀತಿಯಿಂದ ಮುಚ್ಚಿದರು. ಕರಾಬಾಖೆಂಬ ಪ್ರದೇಶಕ್ಕಾಗಿ ಅಜರ್‌ಬೈಜಾನಿನೊಡನೆ ನಡೆದ ಯುದ್ಧದಿಂದ ಆ ಕಡೆಯ ರೈಲು ನಿಂತಿತು. 1993ರಲ್ಲಿ ತುರ್ಕಿಯ ಗಡಿಯೂ ಮುಚ್ಚಿತು. ಆ ವರ್ಷಗಳ ಚಳಿಗಾಲದಲ್ಲಿ ಯೆರೆವಾನಿನ ಮನೆಗಳಿಗೆ ದಿನಕ್ಕೆ ಒಂದೆರಡು ಗಂಟೆ ವಿದ್ಯುತ್ತು. ಜನರು ಉದ್ಯಾನದ ಮರ ಕಡಿದು ಒಲೆ ಹಚ್ಚಿದರು. 1995ರಲ್ಲಿ ಅದೇ ಅಣುಸ್ಥಾವರದ ಒಂದು ಘಟಕವನ್ನು ಮತ್ತೆ ನಡೆಸಬೇಕಾಯಿತು. ಭೂಕಂಪದ ಭೀತಿಗಿಂತ ಕತ್ತಲೆಯ ಭೀತಿ ದೊಡ್ಡದಾಯಿತೆಂದರೆ ತಪ್ಪಲ್ಲ. ಬಳಿಕ ರಷ್ಯಕ್ಕೆ ಕೊಡಬೇಕಾಗಿದ್ದ ಸುಮಾರು 10 ಕೋಟಿ ಡಾಲರ್ ಸಾಲ ತೀರಿಸಲು ಹಣವಿಲ್ಲದೆ, 2002ರ ಒಪ್ಪಂದದಿಂದ ಹ್ರಾಜ್ದಾನಿನ ಶಾಖವಿದ್ಯುತ್ ಸ್ಥಾವರವನ್ನೂ ಕೆಲವು ಕಾರ್ಖಾನೆ, ಸಂಶೋಧನಾ ಸಂಸ್ಥೆಗಳನ್ನೂ ರಷ್ಯಕ್ಕೇ ಬರೆದುಕೊಟ್ಟರು. 2008ರಲ್ಲಿ ರೈಲುಮಾರ್ಗವು 30 ವರ್ಷಗಳ ಗುತ್ತಿಗೆಗೆ ರಷ್ಯನ್ ರೈಲ್ವೆಯ ಕೈಸೇರಿತು. ಮನೆಮನೆಗೆ ಹೋಗುವ ಅನಿಲದ ಕೊಳವೆ ಗಾಜ್‌ಪ್ರೋಮಿನದು. ಗ್ಯುಮ್ರಿಯಲ್ಲಿ ರಷ್ಯದ ಸೈನಿಕನೆಲೆ. ಒಂದೊಂದನ್ನೇ ನೋಡಿದರೆ ಯಾವುದೂ ಅವಿವೇಕವಲ್ಲ. ಹಾಳುಬೀಳುತ್ತಿದ್ದ ಕಾರ್ಖಾನೆಯನ್ನು ಕೊಟ್ಟು ಸಾಲ ಕಳೆದುಕೊಳ್ಳುವುದು ಮನೆವಾರ್ತೆಯ ಜಾಣತನವೇ. ಎಲ್ಲವನ್ನೂ ಒಂದೇ ಸಾಹುಕಾರನಿಗೆ ಬರೆದುಕೊಟ್ಟುದು ಮಾತ್ರ ಬೇರೆ ಮಾತು. 2020ರ ಶರತ್ಕಾಲದಲ್ಲಿ ಅಜರ್‌ಬೈಜಾನಿನೊಡನೆ ನಡೆದ 44 ದಿನಗಳ ಯುದ್ಧದಲ್ಲಿ ಆರ್ಮೇನಿಯಾ ಸೋತಿತು. 2023ರ ಸೆಪ್ಟೆಂಬರಿನಲ್ಲಿ ಕರಾಬಾಖ್ ಪೂರ್ತಿಯಾಗಿ ಕೈತಪ್ಪಿ ಲಕ್ಷಕ್ಕೂ ಮಿಕ್ಕ ಜನ ಮನೆಮಠ ಬಿಟ್ಟು ಬಂದಾಗ, ಅಲ್ಲಿದ್ದ ರಷ್ಯದ ಶಾಂತಿಪಾಲಕ ಪಡೆ ನೋಡುತ್ತ ನಿಂತಿತು. ರಷ್ಯದ ನೇತೃತ್ವದ ಸಾಮೂಹಿಕ ಭದ್ರತಾ ಸಂಘಟನೆಯಲ್ಲಿ ತನ್ನ ಪಾತ್ರವನ್ನು ಸ್ಥಗಿತಗೊಳಿಸಿರುವುದಾಗಿ 2024ರಲ್ಲಿ ಪ್ರಧಾನಿ ಪಾಶಿನ್ಯಾನ್ ಹೇಳಿದರು. ನಮ್ಮ ಸ್ವಾತಿಯೂ ಆಮೇಲೆ 2022ರಲ್ಲಿ ಕೇಳಿಬಂದ ಪಿನಾಕ ರಾಕೆಟ್ಟೂ ಆ ದೇಶ ಬೇರೆ ಅಂಗಡಿ ಹುಡುಕುತ್ತಿದೆಯೆಂಬುದರ ಕುರುಹು. ತಿರುಚಿನಾಪಳ್ಳಿಯಲ್ಲಿ ನಂಜರಾಜಯ್ಯನು ಇಂಗ್ಲಿಷರಿಂದ ಫ್ರೆಂಚರ ಕಡೆಗೆ ತಿರುಗಿದುದು ಇಲ್ಲಿ ನೆನಪಾದರೆ, ವ್ಯತ್ಯಾಸವನ್ನೂ ನೆನೆಯಬೇಕು: ಆರ್ಮೇನಿಯಾ ಹಣ ಕೊಟ್ಟು ಕೊಳ್ಳುತ್ತಿದೆ, ನಂಜರಾಜಯ್ಯನು ಬರಲಿರುವ ಕೋಟೆಯ ಭರವಸೆಯ ಮೇಲೆ ಕೊಂಡನು.

ಮತ್ತೆ ಶ್ರೀರಂಗಪಟ್ಟಣಕ್ಕೆ ಬರೋಣ. ಕಥೆಯ ಸ್ವಾರಸ್ಯವಿರುವುದು ಧರಣಿಯ ಮುಂದಿನ ಭಾಗದಲ್ಲಿ. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ನಂಜರಾಜಯ್ಯನ ಕಣ್ಣಿಗೆ ಬಿದ್ದು, ತಿರುಚಿನಾಪಳ್ಳಿಯ ಕೊಳ್ಳೆಯಲ್ಲಿ ಬಲಿತು, 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಹೈದರಾಲಿಗೆ ಓದುಬರಹ ಬಾರದಿದ್ದರೂ ಲೆಕ್ಕ ಚೆನ್ನಾಗಿ ಬರುತ್ತಿತ್ತು, ಬರೆಯಲು ಖಂಡೇರಾಯನಿದ್ದನು. ಗಾಯಾಳು ಸಿಪಾಯಿಗೆ ವಾಸಿಯಾಗುವವರೆಗೆ ತಿಂಗಳಿಗೆ 14 ರೂಪಾಯಿಯ ಭತ್ಯವಿದ್ದಿತು. ಒಂದು ಕಾಳಗದಲ್ಲಿ 67 ಮಂದಿಗೆ ಗಾಯವಾಗಿರಲು, ಹೈದರನು 700 ಮಂದಿಗೆ ಅರಿಸಿನ ಬಳಿದ ಪಟ್ಟಿ ಕಟ್ಟಿಸಿ, ತಪಾಸಣೆಗೆ ಬಂದವನ ಮುಂದೆ ಸಾಲಾಗಿ ನಿಲ್ಲಿಸಿ ಹಣ ಪಡೆದನಂತೆ. ಪರೀಕ್ಷೆಯ ದಿನ ಹತ್ತು ಸಾವಿರ ಆಳನ್ನು ಸುತ್ತುಹಾಕಿಸಿ ಹದಿನೆಂಟು ಸಾವಿರವೆಂದು ಎಣಿಸಿಸಿದನೆಂಬ ಕಥೆಯೂ ಉಂಟು. ನಗು ಬರುವ ಕಥೆಗಳಿವು. ಆದರೆ ಸರಕಾರಕ್ಕೆ ತನ್ನ ಸೈನ್ಯದ ಸಂಖ್ಯೆ ತನಗೇ ತಿಳಿಯದಿದ್ದ ಸ್ಥಿತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ದಾಖಲೆ ಬೇರೊಂದಿಲ್ಲ.

ಧರಣಿ ಕೂತ ಸಿಪಾಯಿಗಳ ಬಾಕಿ ತೀರಿಸಿದವನು ಹೈದರನೇ. ಖಂಡೇರಾಯನು ಸುಳ್ಳು ಲೆಕ್ಕಗಳನ್ನು ಹೊಡೆದುಹಾಕಿ, ನಿಜವಾದ ಬಾಕಿಗೆ ಸರಕಾರದ ಆನೆ ಕುದುರೆಗಳನ್ನೂ ಸೇರಿಸಿ ಇದ್ದಬದ್ದ ಸ್ವತ್ತನ್ನೆಲ್ಲ ಹಂಚಿದನು. ಅದೇ 1758ರಲ್ಲಿ ದೇವರಾಜಯ್ಯನು ತೀರಿಕೊಂಡನು. ಅಡವಿಟ್ಟ ತಾಲ್ಲೂಕುಗಳಿಂದ ಮರಾಠರ ಅಧಿಕಾರಿಗಳನ್ನು ಓಡಿಸಿದ್ದಕ್ಕೆ ಪ್ರತೀಕಾರವಾಗಿ ಅವರ ಸೇನಾನಿ ಗೋಪಾಲಹರಿಯ ದಂಡು ಬಂದು, ಕಡೆಗೆ ಮತ್ತೆ ಅದೇ 32 ಲಕ್ಷಕ್ಕೆ ಒಪ್ಪಂದವಾದಾಗ, ಅರ್ಧವನ್ನು ಹೇಗೋ ಕೂಡಿಸಿದರು. ಇನ್ನರ್ಧಕ್ಕೆ ಮರಾಠರ ಪಾಳೆಯದ ಸಾಹುಕಾರರು ಜಾಮೀನು ನಿಲ್ಲಲು ಒಪ್ಪಿದರು, ಆದರೆ ಹೈದರನು ತಾನೇ ಹೊಣೆಯೆಂದರೆ ಮಾತ್ರ. ಮೈಸೂರಿನ ಅರಸರ ಮಾತಿಗೆ, ಸರ್ವಾಧಿಕಾರಿಯ ಮುದ್ರೆಗೆ, ಕಳಲೆಯ ಮನೆತನದ ಒಂದೂವರೆ ಶತಮಾನದ ಹಿರಿಮೆಗೆ ಪೇಟೆಯಲ್ಲಿ ಬೆಲೆಯಿಲ್ಲದೆ, ಅಕ್ಷರ ಬಾರದ ಸೇನಾನಿಯೊಬ್ಬನ ಮಾತಿಗೆ 16 ಲಕ್ಷದ ಬೆಲೆ ಬಂತು. ರಾಜ್ಯವು ಕೈಬದಲಾದುದು 1761ರಲ್ಲಿ ಎಂದು ಪಾಠಪುಸ್ತಕಗಳು ಬರೆಯುತ್ತವೆ; ನನ್ನ ಎಣಿಕೆಯಲ್ಲಿ ಅದು ಕೈಬದಲಾದುದು ಈ ಜಾಮೀನಿನ ದಿವಸ. ಬಿಡಿಸಿದ ತಾಲ್ಲೂಕುಗಳು ಹೈದರನ ಆಡಳಿತಕ್ಕೇ ಸೇರಿದವೆಂಬುದನ್ನು ಹೇಳಬೇಕಾದುದೇ ಇಲ್ಲ.

1759ರಲ್ಲಿ ನಂಜರಾಜಯ್ಯನು ಅಧಿಕಾರ ಬಿಟ್ಟು ಕಡೆಗೆ ಕೊಣನೂರಿಗೆ ಸರಿದನು. ಕೆಲವು ವರ್ಷಗಳ ಬಳಿಕ ಹೈದರನು ಅವನನ್ನು ನಯವಾಗಿ ಕರೆಸಿಕೊಂಡು ಸೆರೆಯಲ್ಲಿಟ್ಟನು. ಅವನು 1773ರಲ್ಲಿ ಸತ್ತನು. ಅವನನ್ನು ಮೂರ್ಖನೆಂದೋ ದ್ರೋಹಿಯೆಂದೋ ಬಗೆಯುವವರೊಡನೆ ನನಗೆ ಸಮ್ಮತಿಯಿಲ್ಲ. ಬೇರೆಲ್ಲ ಅಳತೆಯಲ್ಲಿ ಅವನು ದೊಡ್ಡವನೇ. ಬೊಕ್ಕಸ ಒಂದು ಕೋಟೆಗಾಗುವಷ್ಟಿರುವಾಗ ಎರಡು ಕೋಟೆಗೆ ಆಸೆಪಟ್ಟನು, ಎರಡನೆಯದು ಅವನ ಅಂಗೈಯೊಳಗೆ ಬರಲೇ ಇಲ್ಲ. ತಿರುಚಿನಾಪಳ್ಳಿಯ ಮೂರು ವರ್ಷದ ವೆಚ್ಚದಲ್ಲಿ ಕಪಿಲೆಗೆ ಇನ್ನೆಷ್ಟು ಸೇತುವೆ, ಕಾವೇರಿಗೆ ಇನ್ನೆಷ್ಟು ನಾಲೆ ಆಗಬಹುದಾಗಿತ್ತೆಂದು ಲೆಕ್ಕಹಾಕುವ ಮನಸ್ಸಾಗುತ್ತದೆ, ಹಾಕಿ ಫಲವೇನು?

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಓದುಗರು ಕಪಿಲೆಯ ಹೊಸ ಸೇತುವೆಯ ಮೇಲೆ ವಾಹನದ ವೇಗವನ್ನು ಸ್ವಲ್ಪ ತಗ್ಗಿಸಿ ಹಳೆಯ ಸೇತುವೆಯ ಕಡೆಗೊಮ್ಮೆ ನೋಡಬೇಕು. ರೈಲೂ ಗಾಡಿಯೂ ಈಗ ಹೊಸ ಹಾದಿ ಹಿಡಿದಿವೆ, ದೇವರಾಜಯ್ಯನ ಕಲ್ಲುಕಂಬಗಳು ನೀರಿನಲ್ಲಿ ನಿಂತೇ ಇವೆ. ಸಮಯವಿದ್ದವರು ಅಲ್ಲಿಂದ ಕಳಲೆಗೂ ಹೋಗಬಹುದು. ಲಕ್ಷ್ಮೀಕಾಂತಸ್ವಾಮಿಯ ಗುಡಿಯೆಲ್ಲಿದೆಯೆಂದು ಕೇಳಿದರೆ ಊರವರು ತೋರಿಸುತ್ತಾರೆ, ದೂರವೇನಿಲ್ಲ.